ಲೆಕುರ್ತ್ವಾ ಮನೆಯ ಪ್ರಾರ್ಥನಾ ಪುಸ್ತಕ

ಫ್ರಾನ್ಸಿನ ರುವಾನ್ ಊರಿನಲ್ಲಿ ಹಳೆಯ ಪುಸ್ತಕಗಳನ್ನು ರಿಪೇರಿ ಮಾಡುತ್ತಾ ನನಗೆ ಮೂವತ್ತು ವರ್ಷವಾಯಿತು, ದೆವ್ವಗಿವ್ವ ನಂಬುವವನಲ್ಲ. ಕಳೆದ ಏಪ್ರಿಲ್‌ನ ಒಂದು ಮಧ್ಯಾಹ್ನ ಸೊಲಾಂಜ್ ಅಮ್ಮ ತಮ್ಮ ಗಂಡನ ಲ್ಯಾಟಿನ್ ಪ್ರಾರ್ಥನಾ ಪುಸ್ತಕ ತಂದರು. ಆರುನೂರು ವರ್ಷದ ಹಿಂದೆ ಕ್ರೈಸ್ತ ಸನ್ಯಾಸಿಗಳು ಚರ್ಮದ ಹಾಳೆಯ ಮೇಲೆ ಬರೆದದ್ದು. ಅದರ ಒಡೆಯ ತೀರಿಕೊಂಡಾಗಲೆಲ್ಲ, ಒಳಗಿನ ಹಬ್ಬಗಳ ಪಟ್ಟಿಯಲ್ಲಿ ಆ ತಾರೀಖಿನೆದುರು ಅವನ ಹೆಸರನ್ನು ಮುಂದಿನ ಒಡೆಯ ಬರೆಯುವುದು ವಾಡಿಕೆ.

"ನಮ್ಮ ಯಜಮಾನ್ರು ಹೋಗಿ ತಿಂಗಳೂ ಆಗಿಲ್ಲ, ಆಗ್ಲೇ ಬರೆದುಬಿಟ್ಟಿದಾನೆ ನೋಡಪ್ಪಾ! ನನ್ನ ಮೈದುನಂದೇ ಕೆಲಸ. ಪುಸ್ತಕ ತನಗೆ ಬರ್ಬೇಕು ಅಂತ ಆತುರ. ಕೆರೆದುಹಾಕು!"

"ಅದೇನು ಮಹಾ, ಕೂತ್ಕೊಳ್ಳಿ ಅಮ್ಮಾ" ಎಂದು ನಕ್ಕೆ.

ಮಾರ್ಚ್ ಇಪ್ಪತ್ತೈದರ ಸಾಲಿನಲ್ಲಿ, ಕೆಂಪು ಬಣ್ಣದಲ್ಲಿ ಬರೆದ ಮೇರಿ ಮಾತೆಯ ಹಬ್ಬದ ಅಕ್ಷರಗಳಿಗೆ ಹೆಣೆದುಕೊಂಡು, ಅಮ್ಮನ ಗಂಡ ರೆನೆ ಲೆಕುರ್ತ್ವಾ ಅವರ ಹೆಸರು ಇಸವಿ ಸಮೇತ ಕಪ್ಪು ಶಾಯಿಯಲ್ಲಿತ್ತು. ಕಿಟಕಿಯ ಬಿಸಿಲಿಗೆ ಹಾಳೆಯೆಲ್ಲ ಬೆಚ್ಚಗಾಗಿದ್ದರೂ ಆ ಒಂದು ಸಾಲು ಮಾತ್ರ ಬೆರಳಿಗೆ ಮಂಜಿನಂತೆ ಕೊರೆಯಿತು. ಚಾಕು ಹಿಡಿದು, ಭೂತಗನ್ನಡಿಯಲ್ಲಿ ಬಗ್ಗಿ ನೋಡಿದೆ.

"ಹೋಯ್ತೇನಪ್ಪಾ?" ಎಂದರು ಅಮ್ಮ.

ಕಪ್ಪು ಅಕ್ಷರಗಳು ಕೆಂಪಿನ ಮೇಲಿರಲಿಲ್ಲ, ಅಡಿಯಲ್ಲಿದ್ದವು. ಸನ್ಯಾಸಿ ಬಳಿದ ಆ ಆರುನೂರು ವರ್ಷ ಹಳೆಯ ಕೆಂಪು ಬಣ್ಣ ರೆನೆಯ ಹೆಸರಿನ ಮೇಲೆಯೇ ಹಾದುಹೋಗಿ, ಒಣಗಿ ಬಿರುಕುಬಿಟ್ಟಿತ್ತು.

"ಅಮ್ಮಾ, ಇದು ನಿಮ್ಮ ಮೈದುನ ಬರೆದದ್ದಲ್ಲ" ಎಂದು ಚಾಕು ಕೆಳಗಿಟ್ಟೆ.