ಘಾಟಿ ದಾಟದ ಕಾರು

"ಇದು ಒಳಗೇ ಹೋಗುವುದಿಲ್ಲ!"

ಗುರುವಾಯನಕೆರೆಯ ಚಾರ್ಜಿಂಗ್ ಸ್ಟೇಷನ್ನಿನಲ್ಲಿ ಬ್ರಾಹ್ಮಿ ಎರಡೂ ಕೈಯಲ್ಲಿ ಗನ್ ಹಿಡಿದು ನಿಂತಿದ್ದಳು. ಕಾರಿಗೆ ಕರೆಂಟು ತುಂಬುವ ಆ ದಪ್ಪ ಪ್ಲಗ್ಗಿಗೆ ಗನ್ ಎಂದು ಹೆಸರಿಟ್ಟ ಪುಣ್ಯಾತ್ಮ ಯಾರೋ, ಆ ಗಳಿಗೆಯಲ್ಲಿ ಅದನ್ನು ಯಾರ ಮೇಲಾದರೂ ಹಾರಿಸಿಬಿಡುವಷ್ಟು ಸಿಟ್ಟು ಅವಳಿಗೆ ಬಂದಿತ್ತು. ಕಾರು ಮನೆಗೆ ಬಂದು ಇನ್ನೂ ವಾರವಾಗಿರಲಿಲ್ಲ.

"ಒತ್ತಬೇಡಿ ಮಾರಾಯ್ರೆ, ಮುರಿದು ಹೋದೀತು," ಎನ್ನುತ್ತ ಸಮ್ಮೇದ್ ಓಡಿ ಬಂದ. ಲಾಯಿಲ ಊರಿನವನು. ಈ ಸ್ಟೇಷನ್ನೂ ಅವನದೇ, ಪಕ್ಕದಲ್ಲಿ ಸೆಕೆಂಡ್ ಹ್ಯಾಂಡ್ ಕಾರುಗಳ ಅಂಗಡಿಯೂ ಅವನದೇ. ಮೂಡುಬಿದಿರೆಯ ಬಟ್ಟೆ ವ್ಯಾಪಾರಿ ಪುಷ್ಪರಾಜ ತಮ್ಮ ಮಗಳು ಬ್ರಾಹ್ಮಿಗೆಂದು ಈ ಎಲೆಕ್ಟ್ರಿಕ್ ಕಾರನ್ನು ಕೊಂಡದ್ದು ಅವನಿಂದಲೇ.

"ಅದು ಹೊಸ ಪಿನ್ನು. ನಿಮ್ಮ ಕಾರು ಹಳೆ ಪಿನ್ನಿನದ್ದು."

"ಪಿನ್ನಿನಲ್ಲೂ ಹಳತು, ಹೊಸತು ಉಂಟಾ?"

"ಉಂಟಲ್ಲ! ಮೊದಲು ಒಂದು ಪಿನ್ನು ಬಂತು, ಜಿಬಿಟಿ ಅಂತ. ಇನ್ನು ಅದೇ ಅಂದ್ರು. ಆಮೇಲೆ ಕಂಪೆನಿಯವರೆಲ್ಲ ಸಿಸಿಎಸ್ ಟು ಅನ್ನುವ ಬೇರೆ ಪಿನ್ನು ಹಿಡಿದ್ರು. ಈಗ ಎಲ್ಲ ಕಡೆ ಅದೇ."

ಅತ್ತ ತನ್ನ ಟ್ಯಾಕ್ಸಿಗೆ ಚಾರ್ಜ್ ಹಾಕಿ ನಿಂತಿದ್ದ ಲತೇಶ್‌ಗೆ ಬಾಯಿ ಸುಮ್ಮನಿರಲಿಲ್ಲ. "ಮೊಬೈಲಿಗೆ ಎಲ್ಲದಕ್ಕೂ ಒಂದೇ ಪಿನ್ನು ಮಾಡ್ಲಿಲ್ವಾ? ಕಾರಿಗೆ ಮಾಡ್ಲಿಕ್ಕೆ ಎಂತ ದಾಡಿ?"

"ಮಾಡ್ಬಹುದು. ಆದ್ರೆ ಮೊದಲೇ ಕೊಂಡವರು ಎಲ್ಲಿಗೆ ಹೋಗ್ಬೇಕು?"

"ಅವರು ಅವಸರ ಮಾಡಿದ್ದು ಯಾಕೆ?"

"ಎಲ್ಲರೂ ಕಾದು ಕೂತ್ರೆ ಹೊಸತು ಬರುವುದಾದರೂ ಹೇಗೆ ಮಾರಾಯ?"

ಇಬ್ಬರೂ ಪಿನ್ನಿನ ನ್ಯಾಯ ತೀರ್ಮಾನಿಸುತ್ತಿರುವಾಗ ಬ್ರಾಹ್ಮಿಯ ಕಾರಿನ ಬ್ಯಾಟರಿ ಕೆಂಪು ಗೆರೆಯಲ್ಲಿ ಮಿನುಗುತ್ತಿತ್ತು. "ನಾನು ಮನೆಗೆ ಹೋಗುವುದು ಹೇಗೆ?" ಎಂದು ಅವಳು ಗದರಿದ ಮೇಲೆ ಸಮ್ಮೇದ್ ಅವಳನ್ನು ಶೆಡ್ಡಿನ ಹಿಂದಕ್ಕೆ ಕರೆದೊಯ್ದ. ಅಲ್ಲಿ ಗೋಡೆಗೆ ತಾಗಿ ಒಂದು ಹಳೆಯ ಯಂತ್ರ ಇತ್ತು. ಅದರ ಗನ್ ಅವಳ ಕಾರಿಗೆ ಸಲೀಸಾಗಿ ಕೂತಿತು.

"ಈ ಸುತ್ತಿನಲ್ಲಿ ಹಳೆ ಪಿನ್ನು ಇರುವುದು ಇಲ್ಲಿ ಮಾತ್ರ. ಮನೆಯ ಕರೆಂಟಿನಲ್ಲಿ ತುಂಬಿಸುವ ವಯರು ಈ ಹಳೆ ಕಾರಿನ ಜೊತೆ ಬರ್ಲಿಲ್ಲ," ಅಂದ.

"ಅಂದ್ರೆ ನಾನು ಇಲ್ಲಿಗೇ ಬರ್ಬೇಕು?"

"ಬರ್ಬೇಕಾಗ್ತದೆ." ಹೇಳಿದವನು ತಲೆ ಎತ್ತಿ ಶೆಡ್ಡಿನ ಮಾಡು ನೋಡಿದ. ಮಾಡಿನಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ನಗು ಅಡಗಿಸಲು ಅವನಿಗೆ ಬೇರೆ ಜಾಗ ಸಿಕ್ಕಿರಲಿಲ್ಲ, ಅಷ್ಟೆ.

"ಇದು ಚಾರ್ಮಾಡಿ ಘಾಟಿ ದಾಟ್ತದಾ?"

ಆ ನಗು ಅಲ್ಲೇ ನಿಂತಿತು. "ಹತ್ತುವಾಗಲೇ ಬ್ಯಾಟರಿ ಅರ್ಧ ತಿಂದು ಹಾಕ್ತದೆ. ಮೇಲೆ ಇರುವ ಚಾರ್ಜರೆಲ್ಲ ಹೊಸ ಪಿನ್ನಿನವು. ಚಿಕ್ಕಮಗಳೂರು ಮುಟ್ಲಿಕ್ಕಿಲ್ಲ."

ಬ್ರಾಹ್ಮಿಗೆ ಹೋಗಬೇಕಾದದ್ದು ಅಲ್ಲಿಗೇ. ಚಿಕ್ಕಮಗಳೂರಿನ ಕಾಲೇಜಿನಲ್ಲಿ ಇತಿಹಾಸದ ಉಪನ್ಯಾಸಕಿಯಾಗಿ ಅವಳಿಗೆ ಕೆಲಸವಾಗಿತ್ತು. ಅಪ್ಪ ಹಾಕಿದ್ದು ಒಂದೇ ಷರತ್ತು: ವಾರಕ್ಕೊಮ್ಮೆ ಸ್ವಂತ ಕಾರಿನಲ್ಲಿ ಮನೆಗೆ ಬರುವುದಾದರೆ ಹೋಗು, ಘಾಟಿಯ ಬಸ್ಸಿನಲ್ಲಿ ಒಬ್ಬಳೇ ಓಡಾಡುವುದು ಬೇಡ. ಷರತ್ತು ಹಾಕಿದ ಅಪ್ಪನೇ ಕಾರನ್ನೂ ಕೊಂಡು ತಂದಾಗ ಅವಳು ಕುಣಿದಾಡಿಬಿಟ್ಟಿದ್ದಳು.

"ಅಪ್ಪನಿಗೆ ಪಾಪ, ಈ ಪಿನ್ನಿನ ಸಂಗತಿ ಗೊತ್ತಿರಲಿಕ್ಕಿಲ್ಲ," ಅಂದಳು.

ಸಮ್ಮೇದ್ ವಯರು ಸರಿಪಡಿಸುವ ನೆಪದಲ್ಲಿ ಬಗ್ಗಿದ.

ಕಾಲೇಜಿನವರಲ್ಲಿ ಬೇಡಿಕೊಂಡು ಅವಳು ಸೇರುವ ದಿನವನ್ನು ಮುಂದಕ್ಕೆ ಹಾಕಿಸಿದಳು. "ಬೇರೆ ಕಾರು ನೋಡುವ, ಅವಸರ ಎಂತ?" ಎಂದ ಅಪ್ಪ, ನೋಡಲೂ ಇಲ್ಲ, ಅವಸರವನ್ನೂ ಮಾಡಲಿಲ್ಲ. ಅಷ್ಟರಲ್ಲಿ ಕಾರು ಅಜ್ಜಿಯ ಸೇವೆಗೆ ಬಿತ್ತು.

ಅಪ್ಪನ ತಾಯಿ, ಅಜ್ಜಿ ಕಮಲಾವತಿ ಜೈನರ ದಿಗ್ವ್ರತ ಹಿಡಿದವರು. ಯಾವ ದಿಕ್ಕಿಗೆ ಎಷ್ಟು ದೂರ ಎಂದು ತಾನೇ ಗಡಿ ಹಾಕಿಕೊಂಡು, ಜೀವ ಇರುವವರೆಗೆ ಅದನ್ನು ಮೀರದಿರುವ ವ್ರತ ಅದು. ಅಜ್ಜಿಯ ಗಡಿ ಪೂರ್ವಕ್ಕೆ ಚಾರ್ಮಾಡಿಯ ಬುಡ, ದಕ್ಷಿಣಕ್ಕೆ ಬಂಟ್ವಾಳದ ಸೇತುವೆ, ಉಳಿದ ಕಡೆ ಮೂಡುಬಿದಿರೆಯೇ. ಅದರೊಳಗಿನ ಬಸದಿಗಳಿಗೆಲ್ಲ ಬ್ರಾಹ್ಮಿ ಕಾರು ಓಡಿಸಿದಳು. ಅದೇ ತಿರುವು, ಅದೇ ಹಂಪು, ಅದೇ ಬೋರ್ಡು. ಚಾರ್ಮಾಡಿಯ ಬುಡದಲ್ಲಿ ಕಾರು ತಿರುಗಿಸುವಾಗ ಮೇಲಕ್ಕೆ ಏರುವ ರಸ್ತೆಯನ್ನು ಕನ್ನಡಿಯಲ್ಲಿ ನೋಡುತ್ತಿದ್ದಳು. ಉಸಿರು ಕಟ್ಟಿದ ಹಾಗಾಗುತ್ತಿತ್ತು.

ಗಾಳಿ ಆಡುತ್ತಿದ್ದದ್ದು ಒಂದೇ ಕಡೆ, ಆ ಶೆಡ್ಡಿನ ಹಿಂದೆ.

ವಾರಕ್ಕೊಮ್ಮೆ ಅವಳು ಬರುವ ಹೊತ್ತಿಗೆ ಕುರ್ಚಿ ನೆರಳಿಗೆ ಬಂದಿರುತ್ತಿತ್ತು. ಸಮ್ಮೇದ್ ಇಸ್ತ್ರಿ ಮಾಡಿದ ಶರ್ಟು ಹಾಕಿರುತ್ತಿದ್ದ. ತೋಳು ಮಡಚುವಾಗ ಒಮ್ಮೆ, ಗನ್ ಕೂರಿಸುವಾಗ ಒಮ್ಮೆ, ಸುಮ್ಮನೆ ಒಮ್ಮೆ ಅವಳತ್ತ ನೋಡುತ್ತಿದ್ದ. ಅವಳು ನೋಡಿದರೆ ಅವನ ಕಣ್ಣು ಯಂತ್ರಕ್ಕೆ ಹೋಗುತ್ತಿತ್ತು.

"ಆ ಮೀಟರಿನಲ್ಲಿ ಅಂಥದ್ದೆಂತ ಉಂಟು?"

"ಎಂಬತ್ತು ಪರ್ಸೆಂಟ್ ಆಯ್ತಾ ಅಂತ ನೋಡಿದ್ದು. ಎಂಬತ್ತು ದಾಟಿದ್ರೆ ಆಮೇಲೆ ತುಂಬುವುದು ಬಹಳ ನಿಧಾನ."

"ಮೂಡುಬಿದಿರೆಗೆ ಎಂಬತ್ತು ಧಾರಾಳ ಆಯ್ತು."

"ಆಯ್ತು." ಅವನ ದನಿ ಇಳಿಯಿತು. "ತೆಗೀಲಾ?"

ಬ್ರಾಹ್ಮಿ ಸೆರಗು ಸರಿಮಾಡಿಕೊಂಡು ಕುರ್ಚಿಯಲ್ಲಿ ಇನ್ನಷ್ಟು ಹಿಂದಕ್ಕೆ ಕೂತಳು. "ಬೇಡ. ನೂರು ತುಂಬಲಿ."

ಎಂಬತ್ತರಿಂದ ನೂರರವರೆಗಿನ ಆ ನಿಧಾನದಲ್ಲೇ ಅವರ ಪ್ರೀತಿ ಬೆಳೆಯಿತು. ಅದನ್ನು ಅವಳು ತನ್ನೊಳಗೇ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಳು. ಅವನಿಲ್ಲದ ದಿನ ಊರೇ ಸಪ್ಪೆ.

ಆದರೆ ಆ ಸುದ್ದಿ ಅಪ್ಪನ ಕಿವಿಗೂ ಬಿದ್ದು, ಅಪ್ಪ ಒಂದು ಮಾತೂ ಬೈಯದಿದ್ದಾಗ ಅವಳಿಗೆ ಹೆದರಿಕೆಯಾಯಿತು. "ಲಾಯಿಲದವರಾ? ನಮ್ಮವರೇ. ಒಳ್ಳೆ ಮನೆ. ಹತ್ತಿರವೂ ಆಯ್ತು," ಎಂದು ಪುಷ್ಪರಾಜ ಊಟದ ನಡುವೆ ನಕ್ಕರು. ಹತ್ತಿರ ಎಂಬ ಮಾತಿಗೆ ಅವಳು ಕೈಯ ತುತ್ತನ್ನು ತಟ್ಟೆಗೇ ಇಟ್ಟಳು. ಕಾರು ಗಡಿಯೊಳಗಿನದು, ಗಂಡನೂ ಗಡಿಯೊಳಗಿನವನು. ಪ್ರೀತಿಸಿದವನೇ ಬಾಗಿಲಿಗೆ ಅಗುಳಿಯಾದರೆ ಯಾರನ್ನು ದೂರುವುದು?

ಕಾಲೇಜು ಕೊಟ್ಟ ಅವಧಿ ಸೋಮವಾರಕ್ಕೆ ಮುಗಿಯುವುದಿತ್ತು. ಅದರ ಹಿಂದಿನ ಶುಕ್ರವಾರ ಅವಳು ಅಜ್ಜಿಯನ್ನು ವೇಣೂರಿನ ಬಸದಿಗೆ ಕರೆದುಕೊಂಡು ಹೋಗಿ, ಬ್ಯಾಟರಿ ತಳ ಕಂಡ ಕಾರಿನಲ್ಲಿ ಗುರುವಾಯನಕೆರೆಗೆ ಬಂದಳು. ಹಿಂದಿನ ಸೀಟಿನಲ್ಲಿ ಅಜ್ಜಿ ಕಣ್ಣು ಮುಚ್ಚಿಕೊಂಡಿದ್ದರು. ಣಮೋಕಾರ ಮಂತ್ರ ಹೇಳುತ್ತಿದ್ದರೋ, ನಿದ್ದೆಯೋ, ಆ ವಯಸ್ಸಿನವರಲ್ಲಿ ಹೇಳುವುದು ಕಷ್ಟ.

ಸಮ್ಮೇದ್ ಗನ್ ಕೂರಿಸಿದ. ಅದು ಟಕ್ಕೆಂದು ಲಾಕ್ ಆಯಿತು. ಇವತ್ತು ಅವನು ಯಂತ್ರದ ಕಡೆ ನೋಡಲಿಲ್ಲ.

"ಬ್ರಾಹ್ಮೀ, ನನಗೆ ನೀವು ಬೇಕು. ಮದುವೆ ಆಗುವ ಅಂತ ಕೇಳ್ಬೇಕು ಅಂತ ಉಂಟು."

ಅವಳ ಮುಖ ಅರಳಿತು. ಬಾಯಿ ತೆರೆಯುವಷ್ಟರಲ್ಲಿ ಅವನು ಕೈ ಅಡ್ಡ ಹಿಡಿದ.

"ಹೌದು ಅನ್ನುವ ಮೊದಲು ಒಂದು ಮಾತು ಕೇಳಿ. ನಿಮ್ಮ ಅಪ್ಪ ಮೊದಲು ನೋಡಿದ್ದು ಹೊಸ ಪಿನ್ನಿನ ಕಾರು. ಎರಡೂ ಕಾರು ನನ್ನ ಅಂಗಡಿಯ ಅಂಗಳದಲ್ಲಿ ಪಕ್ಕಪಕ್ಕವೇ ಇದ್ದವು. ಹಳೆಯದ್ದು ಘಾಟಿ ದಾಟುವುದಿಲ್ಲ ಅಂತ ನಾನೇ ಹೇಳಿದೆ. ಅದನ್ನು ಕೇಳಿದ ಮೇಲೆಯೇ ಅವರು ಹಳೆಯದನ್ನು ಹಿಡಿದದ್ದು. ಅಮ್ಮನ ವ್ರತದ ಗಡಿಗೆ ಇದು ಸರಿಯಾಗ್ತದೆ, ನಮ್ಮ ಮನೆಗೆ ಅಷ್ಟು ಸಾಕು ಅಂದ್ರು."

"ನನಗೆ ಹೇಳ್ಬೇಡ ಅಂದ್ರಾ?"

"ಅಂದ್ರು."

"ಮತ್ತೆ ನೀವು?"

"ಮೊದಲು ವ್ಯಾಪಾರ ಅಂತ ಸುಮ್ಮನಿದ್ದೆ. ಆಮೇಲೆ ನೀವು ವಾರ ವಾರ ಬರ್ಲಿಕ್ಕೆ ಶುರುಮಾಡಿದ್ರಿ. ಆಮೇಲೆ ಸುಮ್ಮನಿದ್ದದ್ದು ವ್ಯಾಪಾರಕ್ಕಲ್ಲ."

ಬ್ರಾಹ್ಮಿ ಕಾರಿನೊಳಗೆ ಹೋಗಿ ಬಾಗಿಲು ದಡಾರನೆ ಹಾಕಿಕೊಂಡಳು. ಹೊರಟುಹೋಗಬೇಕು, ಈ ಮುಖವನ್ನು ಮತ್ತೆ ನೋಡಬಾರದು. ಆದರೆ ಕಾರು ಹೊರಡಬೇಕಲ್ಲ! ಗನ್ ಲಾಕಾಗಿತ್ತು. ಲಾಕು ತೆಗೆದರೂ ಬ್ಯಾಟರಿಯಲ್ಲಿ ಮನೆ ಮುಟ್ಟುವಷ್ಟು ಚಾರ್ಜ್ ಇರಲಿಲ್ಲ. ಸಿಟ್ಟಿನಿಂದ ಎದ್ದು ಹೋಗುವ ಸುಖವನ್ನೂ ಅಪ್ಪ ಕೊಂಡ ಕಾರು ಅವಳಿಗೆ ಕೊಡಲಿಲ್ಲ. ಸ್ಟೀರಿಂಗಿಗೆ ಹಣೆ ಒತ್ತಿ ಬಿಕ್ಕಿಬಿಕ್ಕಿ ಅತ್ತಳು. ಅಪ್ಪ ಮಾಡಿದ್ದಕ್ಕೆ ಅತ್ತಳು. ಅದಕ್ಕಿಂತ ಹೆಚ್ಚಾಗಿ, ಇಷ್ಟೆಲ್ಲ ಆದಮೇಲೂ ಗಾಜಿನ ಹೊರಗೆ ನಿಂತವನ ಮೇಲಿನ ಪ್ರೀತಿ ಒಂದಿಷ್ಟೂ ಕಡಿಮೆಯಾಗದ್ದಕ್ಕೆ ಅತ್ತಳು.

ಅವನೂ ಅಲ್ಲಿಂದ ಕದಲಲಿಲ್ಲ. ಗಾಜು ತಟ್ಟಲೂ ಇಲ್ಲ.

"ಬ್ರಾಹ್ಮೀ." ಅಜ್ಜಿಯ ದನಿ. "ಹೊತ್ತು ಮುಳುಗ್ತಾ ಬಂತು. ಊಟ ಆಗ್ಬೇಕು ನನಗೆ."

ಅದೊಂದನ್ನು ಆ ಮನೆಯಲ್ಲಿ ತಡಮಾಡುವಂತಿಲ್ಲ. ಸೂರ್ಯ ಮುಳುಗಿದ ಮೇಲೆ ಅಜ್ಜಿ ಅನ್ನ ಮುಟ್ಟುವವರಲ್ಲ, ಬ್ರಾಹ್ಮಿಯೂ ಅಷ್ಟೇ. ಅವಳು ಕಣ್ಣೊರೆಸಿಕೊಂಡು ಬುತ್ತಿ ಬಿಚ್ಚಿದಳು. ಹಬೆಯಲ್ಲಿ ಬೇಯಿಸಿದ ಅಕ್ಕಿ ಉಂಡೆಯ ಪುಂಡಿ, ನಂಚಿಕೊಳ್ಳಲು ಹೆಸರುಕಾಳಿನ ಗಸಿ.

"ಅವನನ್ನೂ ಕರಿ," ಅಂದರು ಅಜ್ಜಿ.

"ನಾನು ಕರೆಯುವುದಿಲ್ಲ."

"ಲಾಯಿಲದ ಮನೆಯಲ್ಲಿಯೂ ರಾತ್ರಿ ಉಣ್ಣುವ ಕ್ರಮ ಇಲ್ಲ. ಈಗ ಮನೆಗೆ ಹೋಗಿ ಮುಟ್ಟುವುದರೊಳಗೆ ಕತ್ತಲೆ ಆಗ್ತದೆ. ನಾಳೆ ಬೆಳಿಗ್ಗೆವರೆಗೆ ಉಪವಾಸ. ನಿನಗೆ ಅದು ಆದೀತಾ?"

ಬ್ರಾಹ್ಮಿ ಪಶ್ಚಿಮಕ್ಕೆ ನೋಡಿದಳು. ಬಿಸಿಲು ಅಂಗಡಿಯ ಮಾಡಿನಿಂದ ಜಾರುತ್ತಿತ್ತು. ಅವಳು ಗಾಜು ಇಳಿಸಿ, ಅವನ ಕಡೆ ನೋಡದೆಯೇ, "ಊಟಕ್ಕೆ ಬರ್ಬೇಕಂತೆ," ಅಂದಳು.

ಮುಂದಿನ ಸೀಟಿನಲ್ಲಿ ಅವನು ಮುದುಡಿ ಕೂತು ತಿಂದ. ಅವನ ತಟ್ಟೆ ಖಾಲಿಯಾದಾಗ ಅವಳ ಕೈ ತಾನಾಗಿಯೇ ಇನ್ನೊಂದು ಪುಂಡಿ ಹಾಕಿತು. ಹಾಕಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಕೈ ತೊಳೆದ ಅಜ್ಜಿ ಹೇಳಿದರು, "ಪುಷ್ಪನಿಗೆ ಫೋನ್ ಹಚ್ಚು. ದೊಡ್ಡಕ್ಕೆ ಇಡು, ಎಲ್ಲರಿಗೂ ಕೇಳಲಿ."

"ಪುಷ್ಪಾ, ಕೇಳು. ಸೋಮವಾರ ಇವಳು ಚಿಕ್ಕಮಗಳೂರಿಗೆ ಹೋಗ್ತಾಳೆ. ಬಸ್ಸಿನಲ್ಲಿ."

"ಅಮ್ಮ, ಆ ಘಾಟಿಯಲ್ಲಿ..."

"ಘಾಟಿಯಲ್ಲಿ ಊರ ಹೆಣ್ಣುಮಕ್ಕಳೆಲ್ಲ ಹೋಗಿ ಬರ್ತಾರೆ. ವ್ರತ ಹಿಡಿದವಳು ನಾನು, ನನ್ನ ಮನಸ್ಸು ಒಪ್ಪಿ ಹಿಡಿದದ್ದು. ಅದನ್ನು ತೆಗೆದು ಮಗುವಿನ ಕಾಲಿಗೆ ಕಟ್ಟಿದ್ದೀಯಲ್ಲ, ಆ ಪಾಪ ನನ್ನ ಲೆಕ್ಕಕ್ಕೆ ಬೇಡ."

"ಅವಳು ಹೋದ್ರೆ ಮನೆ ಖಾಲಿ ಆಗ್ತದೆ ಅಂತ ಅಮ್ಮ," ಎಂದರು ಪುಷ್ಪರಾಜ. ಅಪ್ಪನ ದನಿ ಅಷ್ಟು ಸಣ್ಣದಾದದ್ದನ್ನು ಬ್ರಾಹ್ಮಿ ಕೇಳಿರಲೇ ಇಲ್ಲ. "ಹೋಗಿ ಬರ್ತೇನೆ ಅಪ್ಪ," ಅಂದಳು. ಬೇಡ ಎಂದು ಅವರು ಹೇಳಲಿಲ್ಲ.

ಸಮ್ಮೇದ್ ಕಿಸೆಯಿಂದ ಒಂದು ಕೀ ತೆಗೆದು ಮುಂದೆ ಹಿಡಿದ. "ಹೊಸ ಪಿನ್ನಿನ ಆ ಕಾರು ಇನ್ನೂ ಅಂಗಳದಲ್ಲೇ ಉಂಟು. ತೆಕ್ಕೊಂಡು ಹೋಗಿ."

"ಒಂದು ಕಾರು ಕೊಟ್ಟು ಕಟ್ಟಿ ಹಾಕಿದ್ರಿ. ಇನ್ನೊಂದು ಕೊಟ್ಟು ಬಿಡಿಸುವುದಾ? ಬೇಡ." ಅವಳು ಮೊದಲ ಸಲ ಅವನ ಕಣ್ಣಿಗೆ ನೇರ ನೋಡಿದಳು. "ನೀವು ಕೇಳಿದ್ದಕ್ಕೂ ಇವತ್ತು ಉತ್ತರ ಇಲ್ಲ. ಇಲ್ಲಿ ಹೀಗೆ ಸಿಕ್ಕಿಹಾಕಿಕೊಂಡು ಹೌದು ಅಂದ್ರೆ, ಅದು ನನ್ನ ಹೌದು ಅಂತ ನನಗೇ ನಂಬಿಕೆ ಬರುವುದಿಲ್ಲ."

ಎಂಬತ್ತಾಗುತ್ತಲೇ ಅವನು ಗನ್ ತೆಗೆದ. ನೂರು ತುಂಬಲಿ ಎಂದು ಅವತ್ತು ಇಬ್ಬರೂ ಹೇಳಲಿಲ್ಲ.

ಸೋಮವಾರ ಅವಳು ಬಸ್ಸು ಹತ್ತಿದಳು. ಚಾರ್ಮಾಡಿ ಬಂತು, ಅಜ್ಜಿಯ ಗಡಿ ಬಂತು, ಬಸ್ಸು ನಿಲ್ಲದೆ ಮೇಲಕ್ಕೆ ಏರಿತು. ಕಿಟಕಿಯಿಂದ ಬಂದ ತಣ್ಣನೆಯ ಗಾಳಿಗೆ ಅವಳು ಮುಖ ಒಡ್ಡಿದಳು. ಎದೆ ತುಂಬ ಉಸಿರು ಎಳೆದುಕೊಂಡು ಎಷ್ಟು ಕಾಲವಾಗಿತ್ತು! ಅದರ ಜೊತೆಗೇ, ಪಕ್ಕದ ಸೀಟು ಖಾಲಿ ಎಂಬುದೂ ಕಾಣುತ್ತಿತ್ತು.

ವಾರದ ರಜೆಗೆ ಊರಿಗೆ ಬರುವಾಗ ಬಸ್ಸು ಆ ಸ್ಟೇಷನ್ನಿನ ಮುಂದೆಯೇ ಹಾದು ಹೋಗುತ್ತಿತ್ತು. ಅವನು ಹೊರಗೆ ಬಂದು ನಿಂತಿರುತ್ತಿದ್ದ. ಕೈ ಬೀಸುತ್ತಿರಲಿಲ್ಲ. ಅವಳು ಇಳಿಯುತ್ತಿರಲಿಲ್ಲ. ಆದರೆ ಗುರುವಾಯನಕೆರೆ ಬರುವ ಮೊದಲೇ ಕೂದಲು ಸರಿಮಾಡಿಕೊಳ್ಳುವ ಚಾಳಿ ಅವಳಿಗೆ ಬಿಡಲಿಲ್ಲ.

ಮಳೆಗಾಲ ಕಳೆದ ಒಂದು ಶನಿವಾರ, ತರಗತಿ ಮುಗಿಸಿ ಊರಿಗೆ ಹೊರಡಲು ಅವಳು ಚಿಕ್ಕಮಗಳೂರಿನ ಬಸ್‌ಸ್ಟ್ಯಾಂಡಿಗೆ ಬಂದಳು. ಘಾಟಿಯಿಂದ ಬಂದು ನಿಂತ ಬಸ್ಸಿನಿಂದ ಎಲ್ಲರೂ ಇಳಿದಮೇಲೆ ಕೊನೆಯವನಾಗಿ ಸಮ್ಮೇದ್ ಇಳಿದ. ಇಳಿದ ಎನ್ನುವುದಕ್ಕಿಂತ ಜೋತಾಡಿಕೊಂಡು ಬಿದ್ದ ಎನ್ನಬೇಕು. ಮುಖ ಬಿಳಿಚಿಕೊಂಡಿತ್ತು. ಇಸ್ತ್ರಿ ಮಾಡಿದ ಶರ್ಟಿನ ಎದೆ ಒದ್ದೆಯಾಗಿತ್ತು. ಕಂಬ ಹಿಡಿದು ನಿಂತುಕೊಂಡ.

"ಎಂತ ಅವಸ್ಥೆ ಇದು!" ಎಂದು ಅವಳು ಓಡಿ ಬಂದು ನೀರಿನ ಬಾಟಲಿ ಕೊಟ್ಟಳು.

"ಘಾಟಿ ನನಗೆ ಆಗುವುದಿಲ್ಲ. ಪ್ರತಿ ತಿರುವಿನಲ್ಲೂ ವಾಂತಿ."

"ಅಂಗಳದಲ್ಲಿ ಅಷ್ಟು ಕಾರು ಇಟ್ಕೊಂಡು ಬಸ್ಸಿನಲ್ಲಿ ಬಂದದ್ದು ಯಾಕೆ?"

"ನೀವು ಬಂದದ್ದು ಬಸ್ಸಿನಲ್ಲಿ ಅಲ್ವಾ?" ಅವನು ಬಾಯಿ ಮುಕ್ಕಳಿಸಿದ. "ಕರ್ಕೊಂಡು ಹೋಗ್ಲಿಕ್ಕೆ ಬಂದದ್ದಲ್ಲ. ಕೇಳ್ಲಿಕ್ಕೂ ಅಲ್ಲ. ನೋಡಿ ಹೋಗುವ ಅಂತ. ಬರುವ ವಾರವೂ ಬರ್ತೇನೆ, ನಿಮಗೆ ಬೇಡ ಅಂತ ಇಲ್ಲದಿದ್ರೆ. ಇಲ್ಲಿ ಒಂದು ಅಂಗಡಿಗೆ ಜಾಗ ಸಿಗ್ತದಾ ಅಂತಲೂ ನೋಡ್ಬೇಕು."

ಅವಳ ಊರಿನ ಬಸ್ಸು ಹಾರ್ನ್ ಹಾಕಿತು. ಬ್ರಾಹ್ಮಿ ಅದನ್ನು ನೋಡಿದಳು, ಅವನನ್ನು ನೋಡಿದಳು. ಹೋಗಬಹುದಿತ್ತು. ಇರಬಹುದಿತ್ತು. ಎರಡೂ ಅವಳ ಕೈಯಲ್ಲಿತ್ತು, ಯಾರೂ ಅವಳನ್ನು ಹಿಡಿದಿರಲಿಲ್ಲ.

"ಹೌದು," ಅಂದಳು.

"ಎಂತ ಹೌದು?"

"ಅವತ್ತು ಕೇಳಿದ್ರಲ್ಲ, ಅದಕ್ಕೆ."

ಸಮ್ಮೇದ್ ಕಂಬವನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡ. "ಒಂದು ನಿಮಿಷ ನಿಲ್ಲು ಮಾರಾಯ್ತಿ. ತಲೆ ತಿರುಗ್ತಾ ಉಂಟು. ಇದನ್ನು ನನಗೆ ಸರಿಯಾಗಿ ಕೇಳಿಸಿಕೊಳ್ಬೇಕು."

ಊರಿನ ಬಸ್ಸು ಹೊರಟುಹೋಯಿತು. ಅವಳು ಅವನ ತಲೆ ಸರಿಯಾಗುವವರೆಗೆ ಕಾದು, ಇನ್ನೊಮ್ಮೆ ಹೇಳಿದಳು.