ದೊಡ್ಡ ಡಾಕ್ಟರ ಮೂಗು

ಮಾಸ್ಕ್ ಮೂಗು ಮುಚ್ಚಿದರೆ ದೊಡ್ಡ ಡಾಕ್ಟರಿಗೆ ಕೈಯೇ ಓಡುತ್ತಿರಲಿಲ್ಲ. ಇಪ್ಪತ್ತು ವರ್ಷದಿಂದ ಅದನ್ನು ಗಲ್ಲಕ್ಕೆ ಇಳಿಸಿಕೊಂಡೇ ಆಪರೇಷನ್ ಮಾಡುತ್ತಿದ್ದರು. ಹೇಳುವ ಧೈರ್ಯ ಯಾರಿಗಿತ್ತು? ಹೊಟ್ಟೆಯ ದೊಡ್ಡ ರಕ್ತನಾಳ ಬಲೂನಿನಂತೆ ಉಬ್ಬಿದವರಿಗೆ ಬಟ್ಟೆಯ ನಾಳ ಹೊಲಿದು ಕೂರಿಸುವುದರಲ್ಲಿ ಅವರದು ಎತ್ತಿದ ಕೈ. ಆದರೆ ಎರಡು ತಿಂಗಳಲ್ಲಿ ಮೂವರ ಹೊಸ ನಾಳಕ್ಕೆ ಕೀವು ಹಿಡಿಯಿತು. ಅವರಲ್ಲೊಬ್ಬರು ತೀರಿಕೊಂಡರು. ನಿರ್ದೇಶಕರ ಕುರ್ಚಿ ಇನ್ನೇನು ಸಿಗುವ ಹೊತ್ತಿಗೇ ಈ ರೋಗಿಗಳು ಹೀಗೆ ಮಾಡಬೇಕೇ ಎಂದು ಡಾಕ್ಟರಿಗೆ ಬೇಸರವಾಯಿತು.

ಮೂವರಲ್ಲೂ ಸಿಕ್ಕಿದ್ದು ಒಂದೇ ಕ್ರಿಮಿ. ಆಪರೇಷನ್ ಕೋಣೆಯವರೆಲ್ಲರ ಮೂಗಿನೊಳಗೆ ಹತ್ತಿಕಡ್ಡಿ ಆಡಿಸಿ ಪರೀಕ್ಷೆಗೆ ಕಳಿಸಬೇಕು, ಯಾರಲ್ಲಿ ಆ ಕ್ರಿಮಿ ಇದೆಯೋ ಅವರು ಮನೆಗೆ ಎಂದಿತು ಆಡಳಿತ ಮಂಡಳಿ.

"ಮೊದಲು ನಂದೇ ತೆಗೀರಿ" ಎಂದರು ಡಾಕ್ಟರು. ಕುಂಬಳಕಾಯಿ ಕಳ್ಳ ಎಂದೊಡನೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೆದ್ದ ತಾನಲ್ಲ ಎಂಬ ಹೆಮ್ಮೆ ಅವರಿಗೆ.

ಆಪರೇಷನ್ ಕೋಣೆಯ ನರ್ಸಮ್ಮ ತನ್ನ ಸರದಿ ಬರುವ ಮುಂಚೆ ಡಾಕ್ಟರ ಬಳಿ ಬಂದಳು. "ನನ್ ಮೂಗಲ್ಲೇ ಇದ್ರೆ ಏನ್ ಗತಿ ಸಾರ್? ಮಗಳ ಓದು ಅರ್ಧಕ್ಕೆ ನಿಂತ್ಹೋಗತ್ತೆ."

"ನಾನಿಲ್ವೇನಮ್ಮಾ?"

ಹತ್ತಿಕಡ್ಡಿ ಹಾಕಿಟ್ಟ ಕೊಳವೆಗಳು ಊಟದ ಹೊತ್ತು ಮುಗಿಯುವವರೆಗೆ ಫ್ರಿಜ್ಜಿನಲ್ಲಿದ್ದವು. ಥಂಡಿಗೆ ಹೆಸರಿನ ಚೀಟಿಗಳ ಅಂಟು ಸಡಿಲವಾಗಿತ್ತು. ಕೂದಲಿನಂಥ ದಾರದಲ್ಲಿ ರಕ್ತನಾಳ ಹೊಲಿಯುವ ಬೆರಳಿಗೆ ಎರಡು ಚೀಟಿ ಏನು ಮಹಾ? ತಮ್ಮ ಚೀಟಿಯನ್ನು ನರ್ಸಮ್ಮನ ಕೊಳವೆಗೆ, ಅವಳದನ್ನು ತಮ್ಮದಕ್ಕೆ ಒಂದು ಸುಕ್ಕೂ ಬಾರದಂತೆ ಅಂಟಿಸಿದರು. ಅವಳನ್ನೇ ಆರಿಸಿದ್ದಕ್ಕೂ ಕಾರಣವಿತ್ತು. ಹದಿನೆಂಟು ವರ್ಷ ಎದುರು ನಿಂತು ಕತ್ತರಿ ಕೊಟ್ಟವಳು, ತಮ್ಮ ಸೀನುಗಳನ್ನೆಲ್ಲ ಮುಖದ ಮೇಲೇ ತಡೆದುಕೊಂಡವಳು, ಒಮ್ಮೆಯೂ ಎದುರಾಡಿದವಳಲ್ಲ.

ಫಲಿತಾಂಶದ ದಿನ ಡಾಕ್ಟರು ಮರುಕದ ನಾಲ್ಕು ಮಾತು ಬಾಯಿಪಾಠ ಮಾಡಿಕೊಂಡು ಬಂದಿದ್ದರು. ಅಧ್ಯಕ್ಷರು ಕಾಗದ ಬಿಡಿಸಿ, ಕನ್ನಡಕ ಸರಿಮಾಡಿಕೊಂಡು, ಡಾಕ್ಟರ ಹೆಸರನ್ನೇ ಓದಿದರು.

"ಸಾಧ್ಯವೇ ಇಲ್ಲ! ಆ ಕೊಳವೆ..." ಎಂದು ಎದ್ದವರು ಹಾಗೇ ಬಾಯಿ ಮುಚ್ಚಿಕೊಂಡರು.

ನರ್ಸಮ್ಮ ನೀರಿನ ಲೋಟ ಹಿಡಿದು ಹತ್ತಿರ ಬಂದಳು. ಅವಳ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. "ಪರೀಕ್ಷೆಗೆ ಮುಂಚೆ ಹಲ್ಲುನೋವು ಅಂತ ವಾರವಿಡೀ ಆ್ಯಂಟಿಬಯೋಟಿಕ್ ತಗೊಂಡ್ರಲ್ಲ ಸಾರ್? ಹೊತ್ತುಹೊತ್ತಿಗೆ ನಾನೇ ಕೊಟ್ಟಿದ್ನಲ್ಲ. ಆದ್ರೂ ಅದು ಸಾಯ್ಲಿಲ್ವಾ?" ಸತ್ತಿತ್ತು. ಡಾಕ್ಟರ ಮೂಗು ಅಂದು ತೊಳೆದಿಟ್ಟಷ್ಟು ಶುದ್ಧವಾಗಿತ್ತು. ಅವರು ಸೀನಿ ಸೀನಿ ದಾನ ಮಾಡಿದ ಕ್ರಿಮಿ ಉಳಿದಿದ್ದುದು ನರ್ಸಮ್ಮನ ಮೂಗಿನಲ್ಲಿ, ಅವಳ ಕೊಳವೆಯಲ್ಲಿ. ಅದರ ಮೇಲೆ ತಮ್ಮ ಹೆಸರನ್ನು ಅವರೇ ಅಂಟಿಸಿದ್ದರು, ಒಂದು ಸುಕ್ಕೂ ಬಾರದಂತೆ.