ಶಿಲುಬೆಗೆ ಕಟ್ಟಿದ ಮಂಜು

“ಬೇಗ ತೆಗೀರಿ ಮೇಡಂ! ಮಂಜುಗಡ್ಡೆ ಎದ್ದು ಓಡಿಹೋಗುತ್ತೆ!” ಕಮೆನ್ ದಂಡೆಯ ಮೇಲಿನಿಂದ ಕೂಗಿದ.

ಝ್ಲಾಟಿನಾ ತಿರುಗಿಯೂ ನೋಡಲಿಲ್ಲ. ಅಣ್ಣನಿಗೆ ಹದಿಮೂರು ತುಂಬಿತ್ತು. ಅಂದಮೇಲೆ ಲೋಕದಲ್ಲಿ ಅವನಿಗೆ ಗೊತ್ತಿಲ್ಲದ್ದು ಏನೂ ಉಳಿದಿರಲಿಲ್ಲ.

ಅವಳು ಅಮ್ಮನ ಫೋನ್ ಹಿಡಿದು ತೊರೆಯ ಅಂಚಿನಲ್ಲಿ ಬೋರಲು ಮಲಗಿದ್ದಳು. ಶಾಲೆಯ ಫೋಟೋ ಸ್ಪರ್ಧೆಗೆ ಇವತ್ತು ಮಧ್ಯಾಹ್ನವೇ ಕೊನೆ. ವಿಷಯ, ತೊರೆಯಲ್ಲಿ ತಾನಾಗಿ ಕಟ್ಟಿದ ಮಂಜು.

ಬೇರುಗಳಿಂದ ಗಾಜಿನ ಗಂಟೆಗಳು ಇಳಿಬಿದ್ದಿದ್ದವು. ಕಲ್ಲುಗಳು ಲೇಸಿನ ಕಾಲರ್ ಹಾಕಿಕೊಂಡಿದ್ದವು. ಆದರೆ ಎಲ್ಲಕ್ಕಿಂತ ಚಂದವಾಗಿ ಮಂಜು ಕಟ್ಟಿದ್ದು ಶಿಲುಬೆಯ ಮೇಲೆ. ಯೇಸುವಿನ ದೀಕ್ಷಾಸ್ನಾನ ನೆನೆಯುವ ಯೊರ್ದಾನ್ ಹಬ್ಬದ ಹಿಂದಿನ ಸಂಜೆ ಊರವರು ಮರದ ಶಿಲುಬೆಗೆ ಕಾಮಕಸ್ತೂರಿಯ ಗೊಂಚಲು ಕಟ್ಟಿ, ಅರ್ಧ ಮುಳುಗುವ ಹಾಗೆ ಹಗ್ಗದಲ್ಲಿ ತೊರೆಗೆ ಇಳಿಬಿಡುತ್ತಾರೆ. ಬೆಳಗ್ಗೆ ಅದಕ್ಕೆ ಮಂಜು ಕಟ್ಟಿದ್ದರೆ ಆ ವರ್ಷ ಬೆಳೆಯೂ ಚೆನ್ನ, ಆರೋಗ್ಯವೂ ಚೆನ್ನ. ಈ ಸಲ ಎಲೆಎಲೆಗೂ ಕಟ್ಟಿತ್ತು.

ಕ್ಲಿಕ್! ಒಂದು ಫೋಟೋ ಬಂತು. ಆದರೆ ಮೂಲೆಯಲ್ಲಿ ಒಂದು ಕೊಂಬೆ ಅಡ್ಡ. ಅದನ್ನು ಕೈಯಿಂದ ಪಕ್ಕಕ್ಕೆ ಬಗ್ಗಿಸಿ ಹಿಡಿದಳು. ಅಷ್ಟರಲ್ಲಿ ಚಳಿಗೆ ಫೋನ್ ಆಫ್ ಆಯಿತು. ಗಾಬರಿಯಲ್ಲಿ ಕೊಂಬೆ ಬಿಟ್ಟಳು. ಅದು ರಪ್ಪನೆ ಹಿಂದೆ ಚಿಮ್ಮಿ ಶಿಲುಬೆಗೆ ಬಡಿಯಿತು.

ಝಣ್! ಇಡೀ ವರ್ಷದ ಬೆಳೆ, ಆರೋಗ್ಯ ಎಲ್ಲ ಚೂರುಚೂರಾಗಿ ತೊರೆಯಲ್ಲಿ ತೇಲಿಹೋಯಿತು.

“ಭೇಷ್!” ಎಂದ ಕಮೆನ್. “ಊರು ಹಾಳುಮಾಡೋಕೆ ಬೇರೆಯೋರಿಗೆ ಸೈನ್ಯ ಬೇಕು. ನೀನು ಒಬ್ಬಳೇ ಮುಗಿಸಿಬಿಟ್ಟೆ!”

ಚರ್ಚಿನ ಗಂಟೆ ಬಾರಿಸಿತು. ಊರೆಲ್ಲ ತೊರೆಗೆ ಬಂತು. ಪಾದ್ರಿ ಒಗ್ನ್ಯಾನ್ ಪ್ರಾರ್ಥನೆ ಹೇಳಿ ಹಗ್ಗ ಎಳೆದರು. ಬೋಳು ಶಿಲುಬೆ ಮೇಲೆ ಬಂತು.

“ಈ ವರ್ಷ ಟೊಮ್ಯಾಟೋ ಕೂಡ ಅಂಗಡೀದೇ ಗತಿ,” ಎಂದು ಯಾರೋ ನಕ್ಕರು.

ಅಜ್ಜಿ ನಗಲಿಲ್ಲ. ತಾತ ಪಟ್ಟಣದ ಆಸ್ಪತ್ರೆಯಲ್ಲಿದ್ದರು, ನಾಳೆ ಆಪರೇಷನ್. “ಸರಿಯಾಗಿ ನೋಡಿ ಫಾದರ್,” ಎಂದಳು ಅಜ್ಜಿ. “ಒಂದು ಚೂರಾದ್ರೂ ಇಲ್ವಾ?”

ಝ್ಲಾಟಿನಾ ಫೋನನ್ನು ಸ್ವೆಟರ್ ಒಳಗೆ ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದಳು.

“ಕಾವು ಕೊಡ್ತಿದ್ದೀಯಾ? ಮರಿ ಯಾವಾಗ?” ಎಂದ ಕಮೆನ್. ಆಮೇಲೆ ಮೆಲ್ಲಗೆ, “ಸುಮ್ನಿರು. ಯಾರೂ ನೋಡಿಲ್ಲ,” ಎಂದ.

ಅಜ್ಜಿ ಶಿಲುಬೆಯ ಮೇಲಿನ ಎಲೆಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತಿದ್ದಳು.

“ಫಾದರ್, ಮಂಜು ಕಟ್ಟಿತ್ತು!” ಝ್ಲಾಟಿನಾ ಬೆಚ್ಚಗಾದ ಫೋನ್ ಆನ್ ಮಾಡಿ ಮುಂದೆ ನುಗ್ಗಿದಳು. “ನಾನೇ ಉದುರಿಸಿದ್ದು. ಇಲ್ನೋಡಿ, ಫೋಟೋ ಇದೆ.”

ಪಾದ್ರಿ ಕನ್ನಡಕ ಸರಿಮಾಡಿಕೊಂಡು ನೋಡಿದರು. “ಓಹೋ! ಹಾಗಾದ್ರೆ ಈ ವರ್ಷ ತುಂಬಾ ಚೆನ್ನಾಗಿತ್ತು. ನೀನು ಹಾಸಿಗೆ ಬಿಟ್ಟು ಏಳೋ ತನಕ!”

ಊರೆಲ್ಲ ಹೋ ಎಂದು ನಕ್ಕಿತು. ಝ್ಲಾಟಿನಾಳ ಕಿವಿಗಳು ಬಿಸಿಯಾದವು. ಆ ಚಳಿಯಲ್ಲಿ ಅಷ್ಟಾದರೂ ಲಾಭವಾಯಿತು.

ಅಜ್ಜಿ ಮಾತ್ರ ಫೋನ್ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದಳು. ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. “ಎಲೆಎಲೆಗೂ ಇದೆ,” ಎಂದಳು. ಮತ್ತೆ ನೋಡಿದಳು.

“ಲೇ, ಇಸ್ಕೊಳ್ಳೇ!” ಕಮೆನ್ ಪಿಸುಗುಟ್ಟಿದ. “ಬ್ಯಾಟರಿ ಕೆಂಪಾಗಿದೆ. ಸ್ಪರ್ಧೆಗೆ ಕಳಿಸಲ್ವಾ?”

ಝ್ಲಾಟಿನಾ ಕೈ ಚಾಚಿದಳು. ಆಮೇಲೆ ಕೈಯನ್ನು ಜೇಬಿಗೆ ಹಾಕಿಕೊಂಡಳು.

“ಬಿಸಿಲಲ್ಲಿ ಸರಿಯಾಗಿ ಕಾಣಲ್ಲ ಅಜ್ಜಿ,” ಎಂದಳು. ಫೋನಿನ ಮೇಲೆ ತನ್ನ ನೆರಳು ಬೀಳುವ ಹಾಗೆ ಹೋಗಿ ನಿಂತಳು.